ಬಲತುದಿಯಲ್ಲಿ ನಿಂತ ಐದನೆಯವನು

ಊರಿನವರು ನನ್ನನ್ನು ಎದುರಿಗೆ ಚಂದ್ರಯ್ಯನವರೇ ಅನ್ನುತ್ತಾರೆ, ಬೆನ್ನು ತಿರುಗಿಸಿದರೆ ಅನುಮಾನದಯ್ಯ ಅನ್ನುತ್ತಾರೆ. ನನಗೇನೂ ಬೇಜಾರಿಲ್ಲ. ಇಪ್ಪತ್ತೆರಡು ವರ್ಷದಿಂದ ಪುರಸಭೆಯ ಗುರುತು ಕಚೇರಿಯಲ್ಲಿ ಗುಮಾಸ್ತನಾಗಿರುವವನು ಬೇರೆ ಏನಾಗಲು ಸಾಧ್ಯ? ಎಲ್ಲರನ್ನೂ ನಂಬುವ ಸ್ವಭಾವದವನೊಬ್ಬ ನನ್ನ ಕುರ್ಚಿಯಲ್ಲಿ ಒಂದು ವಾರ ಕೂತರೆ ಸಾಕು, ಊರಿನ ಗೋಡೆಗಳ ಮೇಲೆ ಒಂದು ಮುಖವೂ ನೆಟ್ಟಗೆ ಉಳಿಯುವುದಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಕಾಫಿಗೆ ಸಕ್ಕರೆ ಹಾಕಿದ್ದೇನೆ ಅಂದರೂ ನಾನು ತಳ ಕಲಕಿ ನೋಡುತ್ತೇನೆ. ಅವಳಿಗೂ ಅಭ್ಯಾಸವಾಗಿದೆ, ಚಮಚ ಜೊತೆಗೇ ಕೊಡುತ್ತಾಳೆ.

ನಮ್ಮೂರಿನಲ್ಲಿ ಫೋಟೊದೊಳಗಿನ ಮುಖವನ್ನು ಗುರುತಿಸಿ ಹೆಸರು ಹೇಳುವವರು ಬದುಕಿರುವವರೆಗೆ ಆ ಮುಖಕ್ಕೆ ಏನೂ ಆಗುವುದಿಲ್ಲ. ಹಾಗೆ ಹೇಳಬಲ್ಲ ಕೊನೆಯವರು ತೀರಿಕೊಂಡ ದಿನ ಮುಖ ಸಡಿಲವಾಗುತ್ತದೆ. ಆಮೇಲೆ ಫೋಟೊದ ಹಿಂಬದಿಗೆ, ಆ ತಲೆಯ ನೇರಕ್ಕೆ, ಯಾರ ಹೆಸರು ಬರೆದರೂ ಅವರ ಮುಖ ಬಂದು ಅಲ್ಲಿ ಕೂರುತ್ತದೆ. ಮಸಿ ಒಣಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹಾಗೆ ಹೋದ ಮುಖ ಹೆಸರು ಅಳಿಸಿದರೂ ತಿರುಗಿ ಬರುವುದಿಲ್ಲ. ಸರಿಯಾದ ಹೆಸರನ್ನೇ ಬರೆದರೆ ಮುಖ ಇದ್ದ ಹಾಗೇ ಇರುತ್ತದೆ, ಇನ್ನು ಯಾವ ಕಾಲಕ್ಕೂ ಅಲುಗದ ಹಾಗೆ ಗಟ್ಟಿಯಾಗುತ್ತದೆ. ಬದಲಾಗುವುದು ಮುಖವೊಂದೇ. ಕೈಕಾಲು, ಬಟ್ಟೆ, ನಿಂತ ಭಂಗಿ ಮೊದಲಿನಂತೆಯೇ ಉಳಿಯುತ್ತವೆ. ಅದಕ್ಕೇ ನಮ್ಮ ಕಚೇರಿಯಲ್ಲಿ ಮೊದಲ ದಿನವೇ ಕಲಿಸುವ ಪಾಠ, ಮುಖ ಬಿಡು, ಕಾಲು ನೋಡು.

ಇದಕ್ಕೆಲ್ಲ ಊರು ಹೊಂದಿಕೊಂಡಿದೆ. ಪ್ರತಿ ಅಮಾವಾಸ್ಯೆ ಮನೆಮನೆಯಲ್ಲಿ ಮಕ್ಕಳನ್ನು ಆಲ್ಬಮ್ಮಿನ ಮುಂದೆ ಕೂರಿಸಿ ಮುತ್ತಾತ, ಮುತ್ತಜ್ಜಿ, ಬಾಂಬೆಗೆ ಓಡಿಹೋದ ಚಿಕ್ಕಪ್ಪ, ಎಲ್ಲರ ಮೇಲೂ ಬೆರಳಿಡಿಸಿ ಮಗ್ಗಿಯ ಹಾಗೆ ಹೆಸರು ಹೇಳಿಸುತ್ತಾರೆ. ತಪ್ಪಿದ ಮಗುವಿಗೆ ಅವತ್ತು ಹೋಳಿಗೆ ಇಲ್ಲ. ಮನೆಯ ಮುಖಗಳು ಹೀಗೆ ಉಳಿದುಕೊಳ್ಳುತ್ತವೆ. ಕಷ್ಟವಿರುವುದು ಆಟಗಾರರದ್ದು. ಅವರ ಫೋಟೊ ಮನೆಯಲ್ಲಿರುವುದಿಲ್ಲ, ಕ್ಲಬ್ಬಿನಲ್ಲಿ, ಕಾರ್ಖಾನೆಯ ಹಾಲಿನಲ್ಲಿ, ಶಾಲೆಯ ಹೆಡ್ ಮಾಸ್ತರರ ಕೊಠಡಿಯಲ್ಲಿ ತೂಗುಹಾಕಿರುತ್ತದೆ. ಕಪ್ ಗೆದ್ದ ವರ್ಷ ಊರೆಲ್ಲ ಹೆಸರು ಕೂಗಿರುತ್ತದೆ, ಮೂವತ್ತು ವರ್ಷ ಕಳೆದರೆ ಹೇಳುವವರು ಒಬ್ಬರೂ ಇರುವುದಿಲ್ಲ. ಒಂದು ಫೋಟೊವೂ ಉಳಿಸದೆ ಹೋದ ತಮ್ಮವರ ಮುಖ ಬೇಕೆಂದು ಹಾತೊರೆಯುವವರು ಇಂಥ ಸಡಿಲ ಮುಖಗಳನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಕೆಲಸ ಅಂಥವರನ್ನು ತಡೆದು ಆಟಗಾರನ ನಿಜವಾದ ಹೆಸರನ್ನು ಹುಡುಕುವುದು. ಬಾಗಿಲಲ್ಲೇ ಎಲ್ಲರ ಪೆನ್ನು ಇಸಿದುಕೊಂಡು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ.

ನಾನೂ ಮೂರು ಸಲ ಮೋಸ ಹೋಗಿದ್ದೇನೆ, ಮುಚ್ಚಿಡುವುದಿಲ್ಲ. ರೈಲ್ವೆ ಹಾಕಿ ತಂಡದ ಗೋಲಿ, ಅಂದರೆ ಗೋಲು ಕಾಯುತ್ತಿದ್ದವನು, ಈಗ ಕಿರಾಣಿ ಅಂಗಡಿಯವರೊಬ್ಬರ ಸೋದರಮಾವನಾಗಿ, ಎಲೆ ಅಡಿಕೆ ಹಾಕಿದ ಬಾಯಲ್ಲಿ ನಗುತ್ತಾ ನಿಂತಿದ್ದಾನೆ. ಆ ಮಾವ ಜನ್ಮದಲ್ಲಿ ಹಾಕಿ ಕೋಲು ಮುಟ್ಟಿದವರಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಆ ಗೋಲಿ ಯಾರಾಗಿದ್ದ, ಅವನ ಮುಖ ಹೇಗಿತ್ತು ಎಂದು ಇನ್ನು ಯಾರೂ ಹೇಳಲಾರರು. ಆ ಫೋಟೊದ ಮುಂದೆ ಹಾದುಹೋಗಬೇಕಾದರೆ ನಾನು ಇವತ್ತಿಗೂ ತಲೆ ತಗ್ಗಿಸುತ್ತೇನೆ.

ತಿಮ್ಮಾಜಮ್ಮ ಬಂದದ್ದು ಒಂದು ಮಂಗಳವಾರ. ಎಪ್ಪತ್ತೈದು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸೀಮೆಸುಣ್ಣದ ಕಾರ್ಖಾನೆ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದರು. ಪೆನ್ನು ಕೇಳಿದೆ, ಇಲ್ಲ ಅಂದರು. ಚೀಲ ತೋರಿಸಿ ಅಂದೆ, ತೋರಿಸಿದರು. ಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಮೂರು ಕಾಗದ.

"ಕಾರ್ಖಾನೆ ಹಾಲ್ ಕೆಡವ್ತಾರಂತಲ್ಲ ಸ್ವಾಮಿ. ಅಲ್ಲಿದ್ದ ಬಾಲ್ ಬ್ಯಾಡ್ಮಿಂಟನ್ ಫೋಟೊ ನಿಮ್ಮ ಹತ್ರ ಬಂದಿದೆ ಅಂದ್ರು. ಅದ್ರಲ್ಲಿ ಬಲಗಡೆ ತುದೀಲಿ ನಿಂತಿರೋನು ನಮ್ಮಣ್ಣ. ರಂಗಧಾಮ."

ಆ ಫೋಟೊ ನನಗೆ ಚೆನ್ನಾಗಿ ಗೊತ್ತಿತ್ತು. ಅರವತ್ತೆರಡು ವರ್ಷ ಹಳೆಯದು. ಮಧ್ಯದಲ್ಲಿ ಸ್ಟೂಲಿನ ಮೇಲೆ ಕಪ್, ಅದರ ಹಿಂದೆ ಐದು ಜನ. ಕೆಳಗೆ ಹೆಸರು ಅಚ್ಚಾಗಿದ್ದ ಪಟ್ಟಿಯನ್ನು ಗೆದ್ದಲು ತಿಂದುಹಾಕಿತ್ತು. ನಾಲ್ವರನ್ನು ಅವರವರ ಮೊಮ್ಮಕ್ಕಳು ಬಂದು ಗುರುತಿಸಿ ಗಟ್ಟಿ ಮಾಡಿಸಿಕೊಂಡು ಹೋಗಿದ್ದರು. ಐದನೆಯವನಿಗೆ ಯಾರೂ ಬಂದಿರಲಿಲ್ಲ.

ಅವರ ಕಾಗದಗಳನ್ನು ನೋಡಿದೆ. ಕಾರ್ಖಾನೆಯ ದಾಖಲೆಯಿಂದ ಫೈನಲ್ ಪಂದ್ಯದ ಸ್ಕೋರ್ ಶೀಟಿನ ನಕಲು, ಐದು ಹೆಸರಿನಲ್ಲಿ ಐದನೆಯದು ರಂಗಧಾಮ. ಆ ಕಾಲದ ಒಂದು ಪತ್ರಿಕೆಯ ತುಣುಕು, ಕೊನೆಯ ಆಟದಲ್ಲಿ ರಂಗಧಾಮ ಒಬ್ಬನೇ ಹನ್ನೊಂದು ಪಾಯಿಂಟ್ ತಂದುಕೊಟ್ಟ ಎಂಬ ವರದಿ. ಶಾಲೆಯ ದಾಖಲೆ, ರಂಗಧಾಮ ಮತ್ತು ತಿಮ್ಮಾಜಿ ಅಣ್ಣತಂಗಿ ಎಂಬುದಕ್ಕೆ. ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಕಾಗದಗಳು ಇಷ್ಟು ಚೆನ್ನಾಗಿ ಹೊಂದಿದರೆ ನನಗೆ ಅನುಮಾನ ಶುರುವಾಗುತ್ತದೆ. ನಿಜ ಹೇಳುವವರ ಕಾಗದದಲ್ಲಿ ಎಲ್ಲಾದರೂ ಒಂದು ತಪ್ಪು ಇದ್ದೇ ಇರುತ್ತದೆ.

ಫೋಟೊ ತಂದು ಮೇಜಿನ ಮೇಲಿಟ್ಟೆ. ಸಾಮಾನ್ಯವಾಗಿ ಬಂದವರು ಮುಖದ ಹತ್ತಿರ ಬಗ್ಗುತ್ತಾರೆ, ಮುಟ್ಟಲು ಹೋಗುತ್ತಾರೆ, ಕೆಲವರು ಅಳುತ್ತಾರೆ. ಈ ಹೆಂಗಸು ಒಂದು ಸಲ ನೋಡಿ ಮುಖ ಆಚೆ ತಿರುಗಿಸಿದರು. ಅದನ್ನು ನಾನು ಮನಸ್ಸಿನಲ್ಲಿ ಬರೆದುಕೊಂಡೆ.

"ನಿಮ್ಮಣ್ಣ ಯಾವ ಕೈಯಲ್ಲಿ ಆಡ್ತಿದ್ರು?"

"ಬಲಗೈ."

"ಇಲ್ಲಿ ಬ್ಯಾಟು ಎಡಗೈಲಿದೆ."

"ಫೋಟೊ ತೆಗೆಯೋನು ಆ ಕಡೆ ಹಿಡ್ಕೊ ಅಂದಿರಬಹುದು."

"ಇರಬಹುದು," ಅಂದು ಭೂತಗನ್ನಡಿ ಹಿಡಿದೆ. ಎಡಗೈಯ ಮುಂಗೈ ಬಲಗೈಯದಕ್ಕಿಂತ ದಪ್ಪ. ಫೋಟೊದವನು ಹೇಳಿದ ಮಾತ್ರಕ್ಕೆ ಕೈ ದಪ್ಪವಾಗುವುದಿಲ್ಲ. ಆಮೇಲೆ ಕಾಲು ನೋಡಿದೆ. ಬಿಳಿ ಕ್ಯಾನ್ವಾಸ್ ಶೂ. ಹಿಮ್ಮಡಿ ಒಳಗೆ ಹೋಗಿರಲಿಲ್ಲ, ಶೂವಿನ ಹಿಂಭಾಗವನ್ನು ಮೆಟ್ಟಿ ಚಪ್ಪಲಿಯ ಹಾಗೆ ಹಾಕಿಕೊಂಡಿದ್ದ. ಕಪ್ ಗೆದ್ದ ದಿನ ಯಾವ ಆಟಗಾರನೂ ತನ್ನ ಶೂವನ್ನು ಹಾಗೆ ಹಾಕಿಕೊಳ್ಳುವುದಿಲ್ಲ. ಅದು ಅವನ ಶೂ ಆಗಿರಲಿಲ್ಲ.

"ವಿಚಾರಣೆ ಮಾಡ್ಬೇಕು, ಮನೆಗೆ ಬರ್ತೀನಿ," ಅಂದೆ.

"ಬನ್ನಿ ಸ್ವಾಮಿ. ಹೊಲಿಗೆ ಮಿಷನ್ನು ಬಿಟ್ರೆ ನನ್ನ ಮನೇಲಿ ನೋಡೋದಕ್ಕೆ ಏನೂ ಇಲ್ಲ," ಅಂದರು.

ಏನೂ ಇಲ್ಲದಿರುವುದನ್ನೇ ನೋಡಲು ನಾನು ಹೋದದ್ದು. ಗೋಡೆಯ ಮೇಲೆ ಗಂಡನ ಫೋಟೊ, ಅತ್ತೆ ಮಾವಂದಿರ ಫೋಟೊ, ಎರಡು ದೇವರ ಪಟ. ಅಣ್ಣನದ್ದು ಒಂದೂ ಇಲ್ಲ. ಪಕ್ಕದ ಮನೆಯ ಹೆಂಗಸನ್ನು ಜಗುಲಿಗೆ ಕರೆದು ಕೇಳಿದೆ. "ಅಮಾವಾಸ್ಯೆ ದಿನ ನಮ್ಮ ಮಕ್ಕಳು ಹೆಸರು ಹೇಳೋವಾಗ ಅವರು ಬಾಗಿಲು ಹಾಕ್ಕೊಂಡುಬಿಡ್ತಾರೆ," ಅಂದಳು. ಇದೂ ಅನುಮಾನಕ್ಕೆ ಒಳ್ಳೆಯ ಗೊಬ್ಬರವೇ.

ಕಾಫಿ ಕೊಟ್ಟರು. ಅಭ್ಯಾಸಬಲದಿಂದ ತಳ ಕಲಕಿದೆ. ಅವರು ಅದನ್ನು ನೋಡಿದರು.

"ನಿಮ್ಮಣ್ಣ ನೋಡೋಕೆ ಹೇಗಿದ್ರು?"

"ಚೆನ್ನಾಗಿದ್ದ."

"ಚೆನ್ನಾಗಿದ್ದ ಅಂದ್ರೆ? ಮೂಗು ಹೇಗಿತ್ತು?"

"ಮೂಗು ಇರಬೇಕಾದ ಹಾಗೆ ಇತ್ತು."

"ಹಣೆ? ಹುಬ್ಬು? ಮಚ್ಚೆ ಗಿಚ್ಚೆ?"

"ಅರವತ್ತು ವರ್ಷ ಆಯ್ತಲ್ಲ ಸ್ವಾಮಿ," ಅಂದು ಅವರು ಹೊಲಿಗೆ ಮಿಷನ್ನಿನ ಪಟ್ಟಿ ಸರಿಮಾಡತೊಡಗಿದರು.

ನಾನು ಕಚೇರಿಗೆ ಬಂದು ಕಡತದಲ್ಲಿ ಬರೆದೆ: ಹಕ್ಕುದಾರರಿಗೆ ತಮ್ಮ ಅಣ್ಣನ ಮುಖವೇ ಗೊತ್ತಿಲ್ಲ, ಆಟಗಾರ ಎಡಗೈಯವನು, ಶೂ ಬೇರೆಯವರದು, ತಿರಸ್ಕರಿಸಬೇಕು. ಮುಖ್ಯಾಧಿಕಾರಿಗಳು ಕಡತವನ್ನು ಎರಡೇ ದಿನಕ್ಕೆ ವಾಪಸ್ ಕಳಿಸಿದರು. ಮೂರು ದಾಖಲೆ ಹೊಂದುವುದರಿಂದ ನಿಯಮದಂತೆ ಹೆಸರು ಬರೆಯತಕ್ಕದ್ದು, ಗುಮಾಸ್ತರು ಶೂ ಮುಂತಾದ ವಿಷಯಗಳಲ್ಲಿ ಕಾಲಹರಣ ಮಾಡಬಾರದು. ಕೆಳಗೆ ಸಹಿ, ಮೊಹರು.

ಆ ದಿನ ನನಗೆ ಊಟ ಸೇರಲಿಲ್ಲ. ಯಾವನೋ ಒಬ್ಬ ಎಡಗೈಯವನು ಬೇರೆಯವರ ಶೂ ಮೆಟ್ಟಿಕೊಂಡು ಅರವತ್ತೆರಡು ವರ್ಷ ಅಲ್ಲಿ ನಿಂತಿದ್ದಾನೆ. ಅವನಿಗಾಗಿ ಬರುವವರು ಯಾರೂ ಇಲ್ಲ. ನನ್ನ ಕೈಯಿಂದಲೇ ಅವನನ್ನು ಅಳಿಸಬೇಕು, ಗೋಲಿಯನ್ನು ಅಳಿಸಿದ ಹಾಗೆ. ನಾನು ಅವನನ್ನು ಎದುರಿಗೆ ನೋಡಿಯೂ ಇರಲಿಲ್ಲ, ಆದರೂ ಸಿಟ್ಟು ಬಂತು, ಆ ಮುದುಕಿಯ ಮೇಲೆ, ಮುಖ್ಯಾಧಿಕಾರಿಯ ಮೇಲೆ, ನನ್ನ ಮೇಲೆ.

ಹೆಸರು ಬರೆಯುವ ದಿನ ಹಕ್ಕುದಾರರು ಎದುರಿಗೇ ಇರಬೇಕು. ತಿಮ್ಮಾಜಮ್ಮ ಒಗೆದ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಬಂದು ಕೂತರು. ಬೀರುವಿನಿಂದ ಕಚೇರಿಯ ಪೆನ್ನು ತೆಗೆದೆ. ಫೋಟೊ ಬೋರಲು ಹಾಕಿ, ಬಲತುದಿಯ ತಲೆಯ ನೇರಕ್ಕೆ ರಂಗಧಾಮ ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂತು. ಮಸಿ ಒಣಗುವ ತನಕ ಮಗುಚುವ ಹಾಗಿಲ್ಲ. ಇಬ್ಬರೂ ಕಾದು ಕೂತೆವು. ಆಮೇಲೆ ಮಗುಚಿದೆ.

ಮುಖ ಇದ್ದ ಹಾಗೇ ಇತ್ತು. ಸಣ್ಣ ಕಣ್ಣು, ಅಗಲ ದವಡೆ, ಎಡಗಡೆಗೆ ಸ್ವಲ್ಪ ವಾಲಿದ ಕತ್ತು, ಮೊದಲು ಹೇಗಿತ್ತೋ ಹಾಗೆ.

ಹಾಗಾದರೆ ನಾನೇ ತಪ್ಪು, ಇವನು ನಿಜವಾಗಿ ರಂಗಧಾಮನೇ ಅಂದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಮುಖ ಅಲುಗದೆ ಉಳಿದದ್ದನ್ನು ನೋಡಿ ಹಕ್ಕುದಾರರು ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ಉಸಿರು ಬಿಡುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಕೆಲವರು ನನಗೇ ಕೈಮುಗಿಯುತ್ತಾರೆ. ನಾನು ಕ್ಷಮೆ ಕೇಳಲು ಬಾಯಿ ತೆರೆಯುತ್ತಿದ್ದೆ.

ತಿಮ್ಮಾಜಮ್ಮ ಮೇಜಿನ ಅಂಚು ಹಿಡಿದುಕೊಂಡು ಫೋಟೊವನ್ನೇ ನೋಡುತ್ತಿದ್ದರು. "ಇನ್ನೂ ಬದಲಾಗ್ಲಿಲ್ಲವಲ್ಲ," ಅಂದರು.

ಬಾಯಿಂದ ಬಂದ ಮೇಲೆ ಅವರಿಗೂ ತಿಳಿಯಿತು. ಕೈ ಮೇಜಿನಿಂದ ಜಾರಿ ಮಡಿಲಿಗೆ ಬಿತ್ತು.

"ಬದಲಾಗ್ಬೇಕಾ ತಾಯಿ? ನಿಮ್ಮಣ್ಣನೇ ಆಗಿದ್ರೆ ಯಾಕೆ ಬದಲಾಗ್ಬೇಕು?" ಅಂದೆ. ಕಳ್ಳರನ್ನು ಹಿಡಿದಾಗ ಆಗುವ ಖುಷಿ ನನಗೆ ಆಗಲೇ ಶುರುವಾಗಿತ್ತು, ಸುಳ್ಳು ಹೇಳುವುದಿಲ್ಲ. "ಇದು ನಿಮ್ಮಣ್ಣ ಅಲ್ಲ ಅಂತ ನಿಮಗೆ ಗೊತ್ತು. ಮುಖ ಅಲುಗ್ಲಿಲ್ಲ ಅಂದ್ರೆ ಇವನು ಯಾರು ಅಂತ ಗೊತ್ತಿರೋರು ಇನ್ನೂ ಯಾರೋ ಬದುಕಿದ್ದಾರೆ. ಆ ಯಾರೋ ನೀವೇ."

ಅವರು ಮೂಲೆಯ ನೀರಿನ ಹೂಜಿಯ ಕಡೆ ನೋಡಿದರು. ನಾನು ನೀರು ಕೊಡಲಿಲ್ಲ. ನೀರು ಕೊಟ್ಟರೆ ಸುಳ್ಳು ಹೊಂದಿಸಿಕೊಳ್ಳಲು ಸಮಯ ಸಿಗುತ್ತದೆ.

"ಆ ವರ್ಷವೆಲ್ಲ ಆಡಿದ್ದು ನಮ್ಮಣ್ಣನೇ," ಎಂದು ಶುರುಮಾಡಿದರು. "ಫೈನಲ್ಲಿಗೆ ಬಂದ ಮೇಲೆ ಕಾರ್ಖಾನೆ ಮ್ಯಾನೇಜರಿಗೆ ಭಯ ಹುಟ್ಟಿತು. ಬೇರೆ ಊರಿಂದ ಒಬ್ಬನ್ನ ಕರೆಸಿದ್ರು. ಪಟ್ಟಿ ಮೊದಲೇ ಕೊಟ್ಟಾಗಿತ್ತು, ಹೆಸರು ಬದಲಾಯಿಸೋ ಹಾಗಿರಲಿಲ್ಲ. ಅದಕ್ಕೆ ಅಣ್ಣನ ಹೆಸರಲ್ಲೇ ಅವನನ್ನ ಆಡಿಸಿದ್ರು. ಅಣ್ಣನ ಬನಿಯನ್ನು, ಅಣ್ಣನ ಶೂ. ಆಟ ಮುಗಿಯೋ ತನಕ ಅಣ್ಣ ಬೀದಿಗೆ ಬರಬಾರದು ಅಂತ ಮನೆ ಒಳಗೆ ಕೂರಿಸಿದ್ರು. ಮೈದಾನ ನಮ್ಮನೆ ಹಿಂದೇನೇ. ಜನ ರಂಗಧಾಮ ರಂಗಧಾಮ ಅಂತ ಕೂಗೋದು ಒಳಕ್ಕೆ ಕೇಳ್ತಿತ್ತು. ಅಣ್ಣ ಗೋಡೆಗೆ ಒರಗಿ ಕೂತು ಎಲ್ಲಾ ಕೇಳಿಸ್ಕೊಂಡ."

ನಾನು ಪೆನ್ನನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ. ಮಾಡಲು ಬೇರೇನೂ ತೋಚಲಿಲ್ಲ.

"ಗೆದ್ದ ಮೇಲೆ ಅವನು ಶೂ ವಾಪಸ್ ಕೊಡೋಕೆ ನಮ್ಮನೆಗೆ ಬಂದ. ಬೆಳಗ್ಗಿಂದ ಊಟ ಮಾಡಿರಲಿಲ್ಲವಂತೆ. ಅಮ್ಮ ಒಳಗೆ ಅಣ್ಣನ ಹತ್ರ ಕೂತಿದ್ಲು, ನನಗೇ ಬಡಿಸು ಅಂದ್ಲು. ನನಗೆ ಹದಿಮೂರು ವರ್ಷ. ಅವನನ್ನ ನುಂಗೋ ಹಾಗೆ ನೋಡ್ತಾ ಬಡಿಸಿದೆ. ಇವನು ಸಾಯ್ಲಿ ಅಂತ ಅಂದ್ಕೊಂಡೇ ಹುಳಿ ಹಾಕಿದೆ. ಎರಡು ವರ್ಷಕ್ಕೆ ಸತ್ತಿದ್ದು ನಮ್ಮಣ್ಣ, ಜ್ವರ ಬಂದು. ಅಷ್ಟರೊಳಗೆ ಮತ್ತೆ ಒಂದು ದಿನವೂ ಬ್ಯಾಟು ಮುಟ್ಟಲಿಲ್ಲ. ಫೋಟೊ ಅಂತ ಒಂದೂ ಇಲ್ಲ ಸ್ವಾಮಿ. ಅವನದ್ದು ಅಂತ ಇರಬೇಕಾಗಿದ್ದ ಒಂದೇ ಒಂದು ಫೋಟೊ ಇದು. ಆ ಜಾಗ ಅವನದ್ದು, ಹೆಸರು ಅವನದ್ದು, ಶೂ ಅವನದ್ದು. ನಾನೇನು ಬೇರೆಯವರದ್ದು ಕೇಳ್ತಾ ಇದೀನಾ?"

"ಮುಖ ಬೇರೆಯವರದ್ದು," ಅಂದೆ.

"ಹೌದು. ಆ ಮುಖ ನನಗೆ ಅಚ್ಚೊತ್ತಿದ ಹಾಗೆ ನೆನಪಿದೆ. ಅನ್ನ ಕಲಸೋವಾಗ ತುಟಿ ಹೇಗೆ ಮಾಡ್ತಿದ್ದ ಅನ್ನೋದೂ ನೆನಪಿದೆ." ಕನ್ನಡಕ ತೆಗೆದರು. "ನಮ್ಮಣ್ಣನದ್ದೇ ನೆನಪಿಲ್ಲ. ಒಂದೇ ಮನೇಲಿದ್ದೋನು, ದಿನಾ ಕಾಣೋನು, ಅವನನ್ನ ಯಾರು ನಿಂತು ನೋಡ್ತಾರೆ? ಧ್ವನಿ ಗೊತ್ತು, ಬೆನ್ನು ಗೊತ್ತು. ಮುಖ ಹೋಗ್ಬಿಟ್ಟಿದೆ. ನೀವು ಅವತ್ತು ಮೂಗು ಹೇಗಿತ್ತು ಅಂತ ಕೇಳಿದಾಗ ಎದ್ದು ಒಳಗೆ ಹೋಗ್ಬಿಡೋಣ ಅನ್ನಿಸ್ತು. ಒಂದು ಸಲ ನೋಡ್ಬೇಕು ಅಂತಲೇ ಬಂದೆ. ಈ ಇನ್ನೊಬ್ಬನ್ನ ನಾನು ನೆನಪಿಟ್ಕೊಂಡಿರೋದೇ ಅಡ್ಡ ಆಗುತ್ತೆ ಅಂತ ಹೊಳೀಲೇ ಇಲ್ಲ."

ಫೋಟೊವನ್ನು ಮೆಲ್ಲಗೆ ಅವರ ಎದುರಿನಿಂದ ಪಕ್ಕಕ್ಕೆ ಸರಿಸಿದೆ. ಆದರೂ ಇಪ್ಪತ್ತೆರಡು ವರ್ಷದ ಚಾಳಿ ಅಷ್ಟು ಬೇಗ ಬಿಡುತ್ತದೆಯೇ, ಬಾಯಿ ತನ್ನ ಪಾಡಿಗೆ ತಾನು ಕೇಳಿತು, "ಅವನ ಹೆಸರೇನು?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನ ಕಸುಬೇ ಇತ್ತು. "ಯಾಕೆ ಹೇಳ್ಬೇಕು? ಹೇಳಿದ್ರೆ ನಿಮಗೂ ಗೊತ್ತಾಗುತ್ತೆ. ಆಮೇಲೆ ನಾನು ಸತ್ರೂ ನೀವಿರ್ತೀರಿ."

ಬುದ್ಧಿವಂತೆ. ಬರೆದ ಹೆಸರು ಹಾಗೇ ಕಾಯುತ್ತದೆ. ಮುಖವನ್ನು ಬಲ್ಲ ಕೊನೆಯವರು ಹೋದ ಗಳಿಗೆಯಲ್ಲಿ ಅದು ಹಿಡಿದುಕೊಳ್ಳುತ್ತದೆ. ತಿಮ್ಮಾಜಮ್ಮ ಸತ್ತ ದಿನ ಆ ಐದನೆಯವನ ಮುಖ ಹೋಗಿ ರಂಗಧಾಮ ಬರುತ್ತಾನೆ. ನೋಡಲು ಅವರು ಇರುವುದಿಲ್ಲ, ಅಷ್ಟೆ. ಇದನ್ನು ಹೇಳಿದೆ. ಹೇಳಬಾರದಿತ್ತೇನೋ.

"ನಾನು ನೋಡ್ದಿದ್ರೆ ಬೇಡ. ಊರವರು ನೋಡ್ಲಿ," ಅಂದು ಎದ್ದರು. ಬಾಗಿಲ ತನಕ ಹೋಗಿ ತಿರುಗಿ, "ಅಳಿಸ್ತೀರಾ?" ಎಂದು ಕೇಳಿದರು.

ನಿಯಮದ ಪ್ರಕಾರ ಆಗಲೇ ಹೊಡೆದುಹಾಕಬೇಕಿತ್ತು. ಸುಳ್ಳು ಹಕ್ಕು ಎಂದು ವರದಿ ಬರೆಯಬೇಕಿತ್ತು. "ನೋಡೋಣ," ಅಂದೆ. ನಾನು ಯಾರಿಗಾದರೂ ನೋಡೋಣ ಅಂದದ್ದು ಅದೇ ಮೊದಲು.

ಮುಂದಿನ ಐದು ದಿನ ನನ್ನ ಮೇಲೆ ನನಗೇ ಅನುಮಾನ. ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಫೋಟೊ ತೆಗೆದು ನೋಡುತ್ತಿದ್ದೆ. ಮುಖ ಇದ್ದ ಹಾಗೇ ಇದ್ದರೆ ಆ ಹೆಂಗಸು ಬದುಕಿದ್ದಾರೆ ಎಂದು ಸಮಾಧಾನ. ಹಿಂದೆಯೇ, ಬೇರೆಯವರ ಶೂ ಮೆಟ್ಟಿಕೊಂಡವನು ಏನು ತಪ್ಪು ಮಾಡಿದ ಎಂಬ ಕೊರೆತ. ಮ್ಯಾನೇಜರು ಕರೆದ, ಬಂದ, ಆಡಿದ. ಗೆದ್ದದ್ದು ಅವನು, ಕೂಗಿದ್ದು ಇನ್ನೊಬ್ಬನ ಹೆಸರು. ಅವನ ಊರು ಯಾವುದೋ, ಅಲ್ಲಿ ಅವನು ಈ ಆಟದ ವಿಷಯ ಯಾರ ಹತ್ತಿರವಾದರೂ ಹೇಳಿಕೊಂಡನೋ ಇಲ್ಲವೋ. ಹೇಳಿದ್ದರೂ ಯಾರು ನಂಬಬೇಕು? ನನ್ನಂಥವನು ಎದುರಿಗೆ ಕೂತಿದ್ದರೆ ಸಾಕ್ಷಿ ತಾ ಅನ್ನುತ್ತಿದ್ದ. ಇನ್ನೊಂದು ಕಡೆ ಅಣ್ಣನ ಮುಖವೇ ನೆನಪಿಲ್ಲದ ಆ ಮುದುಕಿ. ಬೀರುವಿನ ಬೀಗದ ಕೈ ಹಿಡಿದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಹೆಂಡತಿ ಕೊಟ್ಟ ಕಾಫಿಯನ್ನು ಕಲಕದೆ ಕುಡಿದೆನಂತೆ, ಹುಷಾರಿಲ್ಲವಾ ಎಂದು ಹಣೆ ಮುಟ್ಟಿ ನೋಡಿದಳು.

ಆರನೆಯ ದಿನ ತಿಮ್ಮಾಜಮ್ಮ ಬಂದರು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಕುರ್ಚಿ ಎಳೆದು ಕೊಟ್ಟೆ, ಈ ಸಲ ನೀರೂ ಕೊಟ್ಟೆ.

"ಮೂರು ದಿನ ಜ್ವರ ಬಂದು ಮಲಗಿದ್ದೆ," ಅಂದರು. "ಸಾಯ್ತೀನಿ ಅಂತಲೇ ಅನ್ನಿಸ್ತು. ಸರಿ, ಅಣ್ಣನಿಗೆ ಜಾಗ ಸಿಗುತ್ತೆ ಅಂತ ಸಂತೋಷ ಪಡೋಣ ಅಂತ ನೋಡ್ದೆ. ಆಗ್ಲೇ ಇಲ್ಲ. ಕಣ್ಣು ಮುಚ್ಚಿದ್ರೆ ಅವನೇ, ಅನ್ನ ಕಲಸ್ತಾ ಕೂತಿರೋದು. ನಾನು ಹೋದ್ರೆ ಇವನೂ ಹೋಗ್ತಾನಲ್ಲ ಅಂತ ಭಯ ಆಗಿ ಎದ್ದು ಕೂತೆ. ನಗಬೇಡಿ."

"ನಗ್ತಿಲ್ಲ."

"ಆವತ್ತು ಊಟ ಮಾಡ್ತಾ ತಲೆ ಎತ್ತಲೇ ಇಲ್ಲ ಅವನು. ನೀನು ಯಾರು ಅಂತ ಕೇಳ್ದೆ. ಬೈಯೋಕೆ ಒಂದು ಹೆಸರು ಬೇಕಿತ್ತು ನನಗೆ, ಅದಕ್ಕೆ. ಅವನು ಬಾಗಿಲ ಕಡೆ ನೋಡಿ, ಯಾರೂ ಇಲ್ಲ ಅಂತ ಗೊತ್ತಾದ ಮೇಲೆ ಮೆಲ್ಲಗೆ ಹೇಳಿದ. ಬೆಳಗ್ಗಿಂದ ಅವನನ್ನ ಎಲ್ರೂ ರಂಗಧಾಮ ಅಂತಲೇ ಕರೆದಿದ್ರು. ಈ ಊರಲ್ಲಿ ಅವನ ಹೆಸರು ಕೇಳಿದ್ದು ನಾನೊಬ್ಬಳೇ. ಹೆಸರು ಹೇಳಿ ಆದ ಮೇಲೆ, ಅವರ ಕಪ್ ಅವರಿಗೇ ಇರಲಿ ಅಂತ ನಿಮ್ಮಣ್ಣಂಗೆ ಹೇಳಮ್ಮ ಅಂದ. ನಾನು ಅಣ್ಣಂಗೆ ಹೇಳಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ."

ಸ್ವಲ್ಪ ನೀರು ಕುಡಿದರು.

"ನಮ್ಮಣ್ಣನ ಜಾಗಕ್ಕೆ ಇನ್ನೊಬ್ಬನ್ನ ತಂದು ನಿಲ್ಲಿಸಿದ್ರು ಅಂತ ಆ ಮ್ಯಾನೇಜರಿಗೆ ಅರವತ್ತು ವರ್ಷ ಶಾಪ ಹಾಕಿದೀನಿ. ಈಗ ನಾನು ಮಾಡ್ತಿರೋದು ಅದೇ ತಾನೆ? ಬರ್ಕೊಳಿ. ಅವನ ಹೆಸರು ಅಂದಾನಿ."

ನನ್ನ ಕೈ ಬೀಗದ ಕೈಗೆ ಹೋಗಿ ಅಲ್ಲೇ ನಿಂತಿತು. ಬುದ್ಧಿ ತನ್ನ ಕೆಲಸ ಶುರುಮಾಡಿತ್ತು. ಅಂದಾನಿ ಎಂಬುದಕ್ಕೆ ಏನು ಆಧಾರ? ಸ್ಕೋರ್ ಶೀಟಿನಲ್ಲಿ ಇಲ್ಲ, ಪತ್ರಿಕೆಯಲ್ಲಿ ಇಲ್ಲ. ಈ ಹೆಂಗಸು ನನಗೆ ಮೊದಲೇ ಒಂದು ಸಲ ಸುಳ್ಳು ಹೇಳಿದವರು. ಬರೆದು ನೋಡಿದರೂ ತಿಳಿಯುವುದಿಲ್ಲ, ನಿಜವಾದರೂ ಮುಖ ಅಲುಗುವುದಿಲ್ಲ, ಸುಳ್ಳಾದರೂ ಅವರು ಎದುರಿಗೆ ಕೂತಿರುವ ತನಕ ಅಲುಗುವುದಿಲ್ಲ. ಅವರ ಮಾತು ಬಿಟ್ಟರೆ ಈ ಪ್ರಪಂಚದಲ್ಲಿ ಬೇರೆ ದಾಖಲೆಯೇ ಇರಲಿಲ್ಲ. ಅವರ ಮುಖ ನೋಡಿದೆ. ಅಣ್ಣನ ಮುಖವನ್ನು ಕೊಟ್ಟುಬಿಟ್ಟು ಕೂತಿದ್ದವರ ಹತ್ತಿರ ಇನ್ನೇನು ಸಾಕ್ಷಿ ಕೇಳಲಿ?

ಫೋಟೊ ಬೋರಲು ಹಾಕಿದೆ. ಹಕ್ಕನ್ನು ತಾವಾಗಿ ವಾಪಸ್ ಪಡೆದರೆ ಮೊದಲಿನ ಹೆಸರನ್ನು ಹಕ್ಕುದಾರರೇ ತಮ್ಮ ಕೈಯಾರೆ ಹೊಡೆಯಬೇಕು ಎಂದು ನಿಯಮ. ಪೆನ್ನು ಕೊಟ್ಟೆ. ಅಣ್ಣನ ಹೆಸರಿನ ಮೇಲೆ ಅವರು ಒಂದು ಗೆರೆ ಎಳೆದರು. ಹೊಲಿಗೆಯವರ ಕೈ, ಗೆರೆ ನೇರವಾಗಿತ್ತು. ಅದರ ಕೆಳಗೆ ನಾನು ಅಂದಾನಿ ಎಂದು ಬರೆದೆ. ಮಸಿ ಒಣಗಿದ ಮೇಲೆ ಮಗುಚಿದಾಗ ಅವನು ಹಾಗೇ ನಿಂತಿದ್ದ. ತಿಮ್ಮಾಜಮ್ಮ ಈ ಸಲ ಬಗ್ಗಿ, ಹತ್ತಿರದಿಂದ, ತುಂಬ ಹೊತ್ತು ಅವನನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೊನೆಗೆ ಸಾಕ್ಷಿಯ ನಮೂನೆ ತುಂಬಬೇಕಿತ್ತು. ಹೆಸರು, ವಯಸ್ಸು, ವಿಳಾಸ ಬರೆದೆ. ಮುಂದಿನ ಅಂಕಣ, ಆಟಗಾರನಿಗೂ ಸಾಕ್ಷಿದಾರರಿಗೂ ಇರುವ ಸಂಬಂಧ.

"ಏನಂತ ಬರೀಲಿ ತಾಯಿ?"

ಅವರು ಯೋಚಿಸಿದರು. "ಒಂದು ಹೊತ್ತು ಊಟ ಬಡಿಸಿದವಳು ಅಂತ ಬರೀರಿ."

ಹಾಗೇ ಬರೆದು ಕಳಿಸಿದೆ. ಅಂಥ ಸಂಬಂಧ ಪಟ್ಟಿಯಲ್ಲಿ ಇಲ್ಲ, ಸರಿಪಡಿಸಿ ಮಂಡಿಸತಕ್ಕದ್ದು ಎಂದು ಮುಖ್ಯಾಧಿಕಾರಿಗಳು ಕಡತ ವಾಪಸ್ ಕಳಿಸಿದರು. ನಾನು ಇನ್ನೊಂದು ನಮೂನೆ ತೆಗೆದುಕೊಂಡು, ಅದೇ ಮಾತನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದು, ಮತ್ತೆ ಕಳಿಸಿದೆ.